ಗುಂಡಿ, ಕೊಳವೆಬಾವಿ, ರಾಜಕಾಲುವೆ: ಬೆಂಗಳೂರಿನ ಅಂಚಿನ ಹಳ್ಳಿಗಳ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರು, ಸಿಬ್ಬಂದಿ ಮತ್ತು ಹೊಸ ಬಡಾವಣೆಗಳ ನಿವಾಸಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಗರದ ಅಂಚಿನ ಹಳ್ಳಿಗಳ ಮಾತು ಬಂದರೆ ಸಾಮಾನ್ಯವಾಗಿ ಕೆರೆಯಿಂದಲೋ ಜಮೀನಿನ ಬೆಲೆಯಿಂದಲೋ ಶುರುವಾಗುತ್ತದೆ. ಇವತ್ತು ಶೌಚದ ಗುಂಡಿಯಿಂದ ಶುರು ಮಾಡೋಣ. ಹೊಸಕೋಟೆ, ಆನೇಕಲ್, ದೇವನಹಳ್ಳಿ, ನೆಲಮಂಗಲ, ಯಾವ ಕಡೆ ಹೋದರೂ ರೆವಿನ್ಯೂ ಸೈಟಿನಲ್ಲಿ (ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ಸೈಟು) ಕಟ್ಟಿದ ಮನೆಯ ಮುಂದೆ ಎರಡು ಮುಚ್ಚಳ ಕಾಣುತ್ತವೆ. ಒಂದು ಸಂಪಿನದು, ಇನ್ನೊಂದು ಗುಂಡಿಯದು. ಸಂಪಿಗೆ ನೀರು ಬರುವುದು ಅದೇ ಬೀದಿಯ ಕೊಳವೆಬಾವಿಯಿಂದ. ಗುಂಡಿಯ ನೀರು ಹೋಗುವುದೂ ಅದೇ ನೆಲಕ್ಕೆ.

ಆ ಗುಂಡಿಯನ್ನು ಮನೆಯವರು ಸೆಪ್ಟಿಕ್ ಟ್ಯಾಂಕ್ ಅಂತಲೇ ಕರೆಯುತ್ತಾರೆ. ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ತಳ ಇರುತ್ತದೆ, ಗೋಡೆ ಸೋರುವುದಿಲ್ಲ, ಒಳಗೆ ಕೊಠಡಿ ಇರುತ್ತದೆ, ಮೇಲಿನ ಕೆನೆಯೂ ಕೆಳಗಿನ ಹೂಳೂ ಆಚೆ ಹೋಗದ ಹಾಗೆ ಟಿ ಆಕಾರದ ಪೈಪ್ ಇರುತ್ತದೆ, ಅದರಿಂದ ಹೊರಬರುವ ನೀರಿಗೆ ಬೇರೆ ಇಂಗುಗುಂಡಿಯೋ ಚರಂಡಿಯೋ ಇರುತ್ತದೆ. ಐದು ಜನರ ಮನೆಗೆ ಭಾರತೀಯ ಮಾನಕ ಹೇಳುವ ಅಳತೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ನೀರಿನ ಆಳ ಒಂದು ಮೀಟರ್. ಎರಡು ಮೂರು ವರ್ಷಕ್ಕೊಮ್ಮೆ ಅದು ತುಂಬಲೇಬೇಕು, ಹೂಳು ತೆಗೆಸಲೇಬೇಕು. ನಮ್ಮ ಬಡಾವಣೆಗಳಲ್ಲಿ ಇರುವುದು ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದ, ತಳವಿಲ್ಲದ ಗುಂಡಿ. ಹತ್ತರಿಂದ ಇಪ್ಪತ್ತು ಅಡಿ ಆಳ. ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ, "ಹತ್ತು ವರ್ಷ ಆಯ್ತು ಸಾರ್, ಗುಂಡಿ ಒಂದ್ಸಲಾನೂ ತುಂಬಿಲ್ಲ." ಗುಂಡಿ ತುಂಬಿಲ್ಲ ಅಂದರೆ ಒಳಗೆ ಹೋದ ನೀರೆಲ್ಲ ಭೂಮಿಗೆ ಇಳಿದಿದೆ ಅಂತ ಅರ್ಥ. ಅದರ ಪಾಡಿಗೆ ತುಂಬದೆ ಉಳಿಯುವ ಗುಂಡಿಗೇ ನಾವು ಹೆಚ್ಚು ಹೆದರಬೇಕು.

ಹಿಂದೆ ಊರಲ್ಲಿ ಹತ್ತು ಮನೆಗೆ ಒಂದು ಗುಂಡಿ ಇದ್ದಾಗ ನೆಲ ಅದನ್ನು ತಡೆದುಕೊಳ್ಳುತ್ತಿತ್ತು. ಈಗ ಏಕೆ ತಡೆಯುವುದಿಲ್ಲ ಅನ್ನುವುದಕ್ಕೆ ಒಂದು ಲೆಕ್ಕ ನೋಡೋಣ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು 3ರಿಂದ 4 ಕೆ.ಜಿ. ಸಾರಜನಕ ಇರುತ್ತದೆ. ಅದರಲ್ಲಿ ಅರ್ಧ ಮಣ್ಣಿನಲ್ಲೇ ಕರಗಿ ಗಾಳಿಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ, ಉಳಿದ ಅರ್ಧ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಒಬ್ಬರ ನೈಟ್ರೇಟನ್ನು ಆ ಮಿತಿಯೊಳಗೆ ತೆಳುವಾಗಿಸಲು ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಲೀಟರ್ ಶುದ್ಧ ನೀರು ನೆಲಕ್ಕೆ ಇಳಿಯಬೇಕು. ಬೆಂಗಳೂರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿ.ಮೀ. ಒಂದು ಎಕರೆಯ ಮೇಲೆ ಅದು ಸುಮಾರು 39 ಲಕ್ಷ ಲೀಟರ್. ನಮ್ಮದು ಗ್ರಾನೈಟ್, ನೈಸ್ ಅನ್ನುವ ಗಟ್ಟಿ ಬಂಡೆಗಳ ನೆಲ. ಬಿದ್ದ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲು ಆಳಕ್ಕೆ ಇಳಿದರೆ ದೊಡ್ಡದು. ಅಂದರೆ ಎಕರೆಗೆ ನಾಲ್ಕು ಲಕ್ಷ ಲೀಟರಿಗಿಂತ ಸ್ವಲ್ಪ ಕಡಿಮೆ. ಹಾಗಾದರೆ ಒಂದು ಎಕರೆ ನೆಲ ಎರಡು ಮೂರು ಜನರ ಗುಂಡಿಯನ್ನು ಸುರಕ್ಷಿತವಾಗಿ ತಾಳುತ್ತದೆ.

ಆ ಎಕರೆಯ ಮೇಲೆ ಈಗ ಎಷ್ಟು ಜನ ಇದ್ದಾರೆ? ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಎಲ್ಲ ಬಿಟ್ಟು ನೂರಕ್ಕೆ 55 ಭಾಗ ಸೈಟ್ ಮಾಡಿದರೆ ಮೂವತ್ತು-ನಲವತ್ತರ ಸೈಟು ಸುಮಾರು 20 ಸಿಗುತ್ತವೆ. ಪಾರ್ಕು ಬಿಡದೆ, ರಸ್ತೆಯನ್ನು 20 ಅಡಿಗೆ ಇಳಿಸಿ ಮಾಡಿದರೆ 27 ಆಗುತ್ತವೆ. ಆ ಏಳು ಸೈಟಿನ ಆಸೆಯೇ ಅನುಮೋದನೆ ಇಲ್ಲದ ಬಡಾವಣೆಗಳ ಮೂಲ. ಮನೆಗೆ ನಾಲ್ಕು ಜನ ಅಂದರೂ ಎಕರೆಗೆ ನೂರು ದಾಟುತ್ತದೆ. ಮೇಲೆ ಎರಡು ಅಂತಸ್ತು ಬಾಡಿಗೆಗೆ ಕಟ್ಟಿದ್ದರೆ ಇನ್ನೂರು, ಮುನ್ನೂರು. ಎರಡು ಮೂರು ಜನರನ್ನು ತಾಳುವ ನೆಲದ ಮೇಲೆ ಇನ್ನೂರು ಜನ. ನೀವು ಎಷ್ಟೇ ಒಳ್ಳೆಯ ಗುಂಡಿ ತೋಡಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಕೆಲವರು ಕೇಳುತ್ತಾರೆ, ನಮ್ಮ ಬೋರು ಸಾವಿರ ಅಡಿ ಇದೆ, ಇಪ್ಪತ್ತು ಅಡಿಯ ಗುಂಡಿ ಅಲ್ಲಿಗೆ ಹೇಗೆ ಮುಟ್ಟುತ್ತದೆ ಅಂತ. ಕೊಳವೆಬಾವಿಗೆ ಕೇಸಿಂಗ್ ಪೈಪು ಇಳಿಸುವುದು ಮೇಲಿನ ಸಡಿಲ ಮಣ್ಣು ಮುಗಿದು ಗಟ್ಟಿ ಬಂಡೆ ಸಿಗುವ ತನಕ ಮಾತ್ರ. ಅದರ ಕೆಳಗೆಲ್ಲ ಬರಿ ಬಂಡೆ, ಅದರಲ್ಲಿ ಬಿರುಕು. ಕೇಸಿಂಗ್ ಬಂಡೆಗೆ ಸರಿಯಾಗಿ ಕೂತಿಲ್ಲದಿದ್ದರೆ, ಅಥವಾ ಅದರ ಸುತ್ತಲಿನ ಸಂದಿಯನ್ನು ಸಿಮೆಂಟಿನಿಂದ ಮುಚ್ಚದಿದ್ದರೆ, ಮೇಲಿನ ಕೊಳೆನೀರು ಪೈಪಿನ ಹೊರಮೈ ಹಿಡಿದೇ ಇಳಿಯುತ್ತದೆ. ಸಂದಿ ಮುಚ್ಚುವ ಕೆಲಸವನ್ನು ಬಹುಪಾಲು ರಿಗ್ಗಿನವರು ಮಾಡುವುದೇ ಇಲ್ಲ, ಕೇಳಿ ಮಾಡಿಸಬೇಕು. ಇನ್ನು ಗುಂಡಿಗೂ ನೀರಿನ ಮೂಲಕ್ಕೂ ಹತ್ತು ಮೀಟರ್ ಅಂತರ ಇರಲಿ ಅನ್ನುವ ನಿಯಮ ಮಣ್ಣು ಸೋಸುವ ಜಾಗಕ್ಕೆ ಸರಿ. ಬಿರುಕುಬಂಡೆ ಸೋಸುವುದಿಲ್ಲ, ಹರಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬತ್ತಿದ ತೆರೆದ ಬಾವಿಗೋ ವಿಫಲವಾದ ಬೋರಿಗೋ ಶೌಚದ ಪೈಪು ಬಿಡುವುದು. ಇಡೀ ಬೀದಿಯ ಅಂತರ್ಜಲಕ್ಕೆ ನೇರವಾಗಿ ವಿಷ ಹಾಕಿದ ಹಾಗೆ ಅದು. ನಿಮ್ಮ ಪಂಚಾಯಿತಿಯಲ್ಲಿ ಎಲ್ಲೇ ಕಂಡರೂ ಅದೇ ವಾರ ನಿಲ್ಲಿಸಿ.

ನೈಟ್ರೇಟಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಬಾಟಲಿ ಹಾಲಿಗೆ ಆ ನೀರು ಬೆರೆಸಿ ಕುಡಿಸಿದ ಎಳೆ ಮಕ್ಕಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ, ಮಗು ನೀಲಿಗಟ್ಟಬಹುದು. ಹಾಗಾಗಿ ಪರೀಕ್ಷೆಯೊಂದೇ ದಾರಿ. ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕು ಅಂತ ಇದೆ. ಕಿಟ್ ಬಹಳ ಪಂಚಾಯಿತಿಗಳಲ್ಲಿ ಬೀರುವಿನಲ್ಲಿ ಕೂತಿದೆ, ಒಳಗಿನ ರಾಸಾಯನಿಕದ ಅವಧಿ ಮುಗಿದಿದೆ. ಮೊದಲು ಬಾಟಲಿಯ ಮೇಲಿನ ದಿನಾಂಕ ನೋಡಿ. ವರ್ಷಕ್ಕೆ ಎರಡು ಬಾರಿ, ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ನವೆಂಬರಿನಲ್ಲಿ ಒಮ್ಮೆ, ಪಂಚಾಯಿತಿಯ ಎಲ್ಲ ಬೋರುಗಳನ್ನೂ ಪರೀಕ್ಷಿಸಿ. ಕಿಟ್ಟಿನಲ್ಲಿ ನೈಟ್ರೇಟ್ ಹೆಚ್ಚು ಬಂದ ಬೋರಿನ ನೀರನ್ನು ತಾಲ್ಲೂಕಿನ ಅಥವಾ ಜಿಲ್ಲೆಯ ಪ್ರಯೋಗಾಲಯಕ್ಕೆ ಕಳಿಸಿ ಖಚಿತ ಮಾಡಿಕೊಳ್ಳಿ. ರೋಗಾಣು ಪರೀಕ್ಷೆಯ ಪುಟ್ಟ ಬಾಟಲಿಯಲ್ಲಿ ಗೆರೆಯ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ಕಪ್ಪಾದರೆ ಮಲದ ಸೋಂಕು ಇದೆ ಅಂತ ತಿಳಿಯಬೇಕು. ಫಲಿತಾಂಶವನ್ನು ಬೋರಿನ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಕಡತದಲ್ಲಿದ್ದರೆ ಯಾರಿಗೂ ಉಪಯೋಗವಿಲ್ಲ.

ರೋಗಾಣುವಿಗೆ ಕ್ಲೋರಿನ್ ಸಾಕು, ನೈಟ್ರೇಟಿಗೆ ಅದು ಏನೂ ಮಾಡದು. ಆದರೂ ಕ್ಲೋರಿನ್ ಬಗ್ಗೆ ಒಂದು ಮಾತು, ಏಕೆಂದರೆ ನೀರುಗಂಟಿಗಳು ಇಲ್ಲಿ ಇದ್ದೀರಿ. ಬ್ಲೀಚಿಂಗ್ ಪೌಡರ್ ಹೊಸದಾಗಿದ್ದಾಗ ಅದರಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್. 10,000 ಲೀಟರಿನ ಟ್ಯಾಂಕಿಗೆ 60ರಿಂದ 80 ಗ್ರಾಂ ಪುಡಿ ಬೇಕು. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ, ಅರ್ಧ ಗಂಟೆ ಬಿಟ್ಟು ನೀರು ಬಿಡಿ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಬಾಯಿ ಬಿಚ್ಚಿದ ಚೀಲವನ್ನು ಪಂಪ್‌ಹೌಸಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಉಳಿಯುವುದು ಬರಿ ಸುಣ್ಣ. ದೊಡ್ಡ ಚೀಲ ತರಿಸುವುದಕ್ಕಿಂತ ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಗಳಲ್ಲಿ ತರಿಸುವುದು ಮೇಲು.

ಕಾಗದದ ಜನ, ನಿಜವಾದ ಜನ

ಈಗ ನೀರಿನ ಪ್ರಮಾಣಕ್ಕೆ ಬರೋಣ. ಹಳ್ಳಿಗೆ ತಲೆಗೆ ದಿನಕ್ಕೆ 55 ಲೀಟರ್, ನಗರಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಅಳತೆ. ನಗರದ ಅಂಚಿನ ಹಳ್ಳಿಯಲ್ಲಿ ಬದುಕು ನಗರದ್ದು, ಅಳತೆ ಹಳ್ಳಿಯದು. ಆ 55ನ್ನೂ ಯಾರಿಗೆ ಲೆಕ್ಕ ಹಾಕುತ್ತಾರೆ? ಯೋಜನಾ ವರದಿಗಳಿಗೆ ಆಧಾರ 2011ರ ಜನಗಣತಿ. ಉದಾಹರಣೆಗೆ ಅಂದು 1,200 ಜನ ಇದ್ದ ಊರು ಅನ್ನಿ. ದಿನಕ್ಕೆ 66,000 ಲೀಟರಿನ ವ್ಯವಸ್ಥೆ. ಈಗ ಗಾರ್ಮೆಂಟ್ಸ್, ಗೋದಾಮು, ಕಟ್ಟಡದ ಕೆಲಸಕ್ಕೆ ಬಂದವರು ಸೇರಿ ಅಲ್ಲಿ 5,000 ಜನ ಇದ್ದರೆ ತಲೆಗೆ ಸಿಗುವುದು 13 ಲೀಟರ್. ಯೋಜನೆ ಮಾಡಿದವರ ತಪ್ಪಲ್ಲ ಇದು, ಎಣಿಕೆಯೇ ಇಲ್ಲದ್ದರ ತಪ್ಪು. ಕೊರತೆ ತುಂಬುವುದು ಟ್ಯಾಂಕರ್.

ಟ್ಯಾಂಕರಿಗೆ ನೀರು ಮಾರುವ ತೋಟದ ಬೋರು ದಿನಕ್ಕೆ 6,000 ಲೀಟರಿನ 20 ಲೋಡು ಎತ್ತಿದರೆ 1,20,000 ಲೀಟರ್ ಆಯಿತು. ತಲೆಗೆ 55 ಲೀಟರಿನಂತೆ ಇಡೀ ಊರಿಗೆ ಬೇಕಾದ ನೀರಿನ ಅರ್ಧಕ್ಕೆ ಹತ್ತಿರ, ಒಂದೇ ರಂಧ್ರದಿಂದ. ಪಕ್ಕದ ಜಮೀನಿನ ಬೋರು ಬತ್ತುತ್ತದೆ, ಅವರು ಇನ್ನೂ ಆಳಕ್ಕೆ ಕೊರೆಸುತ್ತಾರೆ, ಆಗ ಪಂಚಾಯಿತಿಯ ಬೋರು ಬತ್ತುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿ.ಮೀ. ಒಳಗಿನ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಅಂತ ದರ ನಿಗದಿ ಮಾಡಿತು. ಕೊಳ್ಳುವವರಿಗೆ ಅದು ನೆರವಾಯಿತು, ನೀರು ಹೋದ ಹಳ್ಳಿಗೆ ಅದರಿಂದ ಏನೂ ಬರಲಿಲ್ಲ. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯ್ದೆ ಇದೆ. ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಬೋರಿಗೆ ಅನುಮತಿ ಬೇಕು. ಪಂಚಾಯಿತಿ ಮಾಡಬಹುದಾದ ಕೆಲಸ ಸರಳವಾದದ್ದು. ತನ್ನ ವ್ಯಾಪ್ತಿಯಲ್ಲಿ ನೀರು ಮಾರುವ ಬೋರುಗಳ ಪಟ್ಟಿ ಮಾಡಿ, ಸರ್ವೆ ನಂಬರ್ ಸಮೇತ, ದಿನದ ಲೋಡು ಎಷ್ಟು ಅಂತ ಬರೆದು, ಜಿಲ್ಲಾ ಅಂತರ್ಜಲ ಕಚೇರಿಗೆ ಕಳಿಸುವುದು. ಪಟ್ಟಿ ಇಲ್ಲದೆ ಬರಿ ದೂರು ಕೊಟ್ಟರೆ ಅದು ನಿಲ್ಲುವುದಿಲ್ಲ.

ನಗರ ಸೇರಿದರೆ ನೀರು ಬಂತು ಅಂತ ತಿಳಿಯುವವರು 110 ಹಳ್ಳಿಗಳನ್ನು ನೋಡಬೇಕು. ಅವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಅವುಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆ ಆದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಒಳಚರಂಡಿ ಇನ್ನೂ ಹಿಂದೆ. ನೀರಿನ ಪೈಪು ಮೊದಲು, ಒಳಚರಂಡಿ ಆಮೇಲೆ ಅನ್ನುವ ಕ್ರಮವೇ ತಪ್ಪು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಕೊಳೆನೀರಾಗಿ ಹೊರಬೀಳುತ್ತದೆ. ಒಳಚರಂಡಿ ಇಲ್ಲದ ಬೀದಿಗೆ ಹೊಸ ನೀರು ತಂದರೆ ಹೊಸ ಕೊಳೆನೀರನ್ನೂ ತಂದ ಹಾಗೆಯೇ.

ಹೂಳು ಎತ್ತುವ ಗಾಡಿ

ಒಳಚರಂಡಿ ಬರುವ ತನಕ ಏನು ಮಾಡಬೇಕು? ತಳವಿರುವ ಟ್ಯಾಂಕ್ ಕಡ್ಡಾಯ ಮಾಡಬೇಕು, ಅದರ ಹೂಳು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಪಂಚಾಯಿತಿ ತಿಳಿದಿರಬೇಕು. ಹೂಳೆತ್ತುವ ಗಾಡಿಯವರು ಮನೆಯಲ್ಲಿ ದುಡ್ಡು ಪಡೆದು ಹೋಗುತ್ತಾರೆ. ಅಲ್ಲಿಂದ ಶುದ್ಧೀಕರಣ ಘಟಕ 20 ಕಿ.ಮೀ. ಇದ್ದರೆ ಡೀಸೆಲ್ಲಿಗೆ ಆ ದುಡ್ಡು ಖರ್ಚು. ಕೆರೆಗೆ ಮಳೆನೀರು ಒಯ್ಯುವ ಹತ್ತಿರದ ರಾಜಕಾಲುವೆಗೆ ರಾತ್ರಿ ಬಿಟ್ಟರೆ ಎಲ್ಲ ಉಳಿತಾಯ. ಅವರನ್ನು ಬೈದು ಪ್ರಯೋಜನವಿಲ್ಲ, ದುಡ್ಡು ಕೊಡುವ ಜಾಗ ಬದಲಿಸಬೇಕು. ಮನೆಯವರು ಪಂಚಾಯಿತಿಗೆ ಕಟ್ಟಲಿ. ಗಾಡಿಯವರು ಘಟಕದಲ್ಲಿ ಹೂಳು ಇಳಿಸಿದ ಚೀಟಿ ತಂದು ತೋರಿಸಿದ ಮೇಲೆ ಪಂಚಾಯಿತಿ ಅವರಿಗೆ ಕೊಡಲಿ. ಒಂದು ಪುಸ್ತಕದಲ್ಲಿ ಮನೆ, ದಿನಾಂಕ, ಲೀಟರ್, ಇಳಿಸಿದ ಜಾಗ ಬರೆಯಲಿ. ಗಾಡಿಗಳು ಸಾಮಾನ್ಯವಾಗಿ 3,000ದಿಂದ 6,000 ಲೀಟರಿನವು. ಹೀಗಾಗಿ ಚೀಟಿಗೂ ಪುಸ್ತಕಕ್ಕೂ ತಾಳೆ ನೋಡುವುದು ಕಷ್ಟವಲ್ಲ.

ದೇವನಹಳ್ಳಿಯಲ್ಲಿ 2015ರಿಂದ ಮಲಹೂಳು ಸಂಸ್ಕರಣಾ ಘಟಕ ಇದೆ, ದಿನಕ್ಕೆ 6,000 ಲೀಟರಿನದು. ದೊಡ್ಡ ಯಂತ್ರ ಇಲ್ಲ. ಮುಚ್ಚಿದ ತೊಟ್ಟಿಗಳಲ್ಲಿ ಹೂಳು ಕೊಳೆತು ಸ್ಥಿರವಾಗುತ್ತದೆ, ಆಮೇಲೆ ಒಣಗುಹಾಸಿನ ಮೇಲೆ ಹರಡುತ್ತಾರೆ, ಇಳಿದ ನೀರು ಜಲ್ಲಿ ಮತ್ತು ಗಿಡಗಳ ಸೋಸುವಿಕೆಗೆ ಹೋಗುತ್ತದೆ, ಒಣಗಿದ್ದು ಹಸಿಕಸದ ಜೊತೆ ಗೊಬ್ಬರವಾಗುತ್ತದೆ. ಮೂರು ನಾಲ್ಕು ಪಂಚಾಯಿತಿ ಸೇರಿದರೆ ಇಂಥದ್ದೊಂದನ್ನು ನಡೆಸಬಹುದು. ಜಾಗ ಹುಡುಕುವುದೇ ಕಷ್ಟ, ಯಾವ ಊರಿನವರೂ ನಮ್ಮ ಊರಲ್ಲಿ ಬೇಡ ಅನ್ನುತ್ತಾರೆ. ಮಾವಳ್ಳಿಪುರ, ಮಂಡೂರಿನ ಜನ ಬೆಂಗಳೂರಿನ ಕಸದ ಗುಡ್ಡದ ಪಕ್ಕ ವರ್ಷಗಟ್ಟಲೆ ಬದುಕಿದರು, ಹೋರಾಡಿಯೇ 2012ರಲ್ಲಿ ಮತ್ತು 2014ರ ಕೊನೆಯಲ್ಲಿ ಅಲ್ಲಿಗೆ ಕಸ ಸುರಿಯುವುದನ್ನು ನಿಲ್ಲಿಸಿದರು. ಅದನ್ನು ಕಂಡವರು ಘಟಕ ಅನ್ನುವ ಮಾತಿಗೇ ಹೆದರುವುದು ನ್ಯಾಯವಾದದ್ದು. ಆದ್ದರಿಂದ ಘಟಕ ತರುವವರು ಮೊದಲು ಹೇಳಬೇಕಾದ್ದು ಹೊರಗಿನ ಎಷ್ಟು ಹೂಳು ಬರುತ್ತದೆ, ಅದರ ಮಿತಿ ಎಷ್ಟು, ಮಿತಿ ದಾಟಿದರೆ ಬೀಗ ಹಾಕುವ ಅಧಿಕಾರ ಯಾರದ್ದು ಅನ್ನುವುದನ್ನು. ಇದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.

ಕಸದ ವಿಷಯ ಹೆಚ್ಚು ಹೇಳುವುದಿಲ್ಲ. ಸ್ವಚ್ಛವಾಹಿನಿ ಗಾಡಿ, ಸಂಜೀವಿನಿ ಒಕ್ಕೂಟದ ಮಹಿಳೆಯರು, ಒಣಕಸದ ಘಟಕ, ಇವಿಷ್ಟೂ ಬಹುಪಾಲು ಪಂಚಾಯಿತಿಗಳಲ್ಲಿ ಇವೆ. ಎಡವುವುದು ಬಾಡಿಗೆ ಮನೆಗಳಲ್ಲಿ. ಗಾಡಿ ಬೆಳಗ್ಗೆ ಹತ್ತಕ್ಕೆ ಬರುತ್ತದೆ, ಗಾರ್ಮೆಂಟ್ಸ್ ಬಸ್ಸು ಏಳಕ್ಕೇ ಹೊರಟಿರುತ್ತದೆ. ಬಾಗಿಲು ಹಾಕಿರುವ ಮನೆಯ ಕಸ ರಸ್ತೆ ಬದಿಗೆ ಬೀಳುತ್ತದೆ. ಆ ಬೀದಿಗಳಿಗೆ ಆರು ಗಂಟೆಯ ಒಂದು ಸುತ್ತು ಹಾಕಿಸಿ, ಅರ್ಧ ತೊಂದರೆ ಕಡಿಮೆಯಾಗುತ್ತದೆ.

ರಾಜಕಾಲುವೆ ಸಾಯುವ ಬಗೆ

ಕೆರೆಗೆ ಏರಿ, ತೂಬು, ಕೋಡಿ ಇದ್ದರೆ ಸಾಲದು, ನೀರು ತರುವ ಕಾಲುವೆ ಇರಬೇಕು. ಕೆರೆ ಒತ್ತುವರಿ ಕಣ್ಣಿಗೆ ಕಾಣುತ್ತದೆ, ಗಲಾಟೆಯಾಗುತ್ತದೆ. ಕಾಲುವೆ ಸದ್ದಿಲ್ಲದೆ ಹೋಗುತ್ತದೆ. ಮೊದಲು ಬಡಾವಣೆಯವರು ಅದನ್ನು "ಸ್ವಲ್ಪ ಪಕ್ಕಕ್ಕೆ" ತಿರುಗಿಸುತ್ತಾರೆ. ಆಮೇಲೆ ರಸ್ತೆ ದಾಟಿಸಲು ಎರಡು ಅಡಿಯ ಹ್ಯೂಮ್ ಪೈಪು ಹಾಕುತ್ತಾರೆ. ಮುಂದಿನ ಬೇಸಿಗೆಯಲ್ಲಿ ಪೈಪಿನ ಎರಡೂ ಕಡೆ ಮಣ್ಣು ತುಂಬುತ್ತದೆ. ಹತ್ತಡಿ ಅಗಲ ಐದಡಿ ಆಳದ ಕಾಲುವೆಯ ಬಾಯಿ 50 ಚದರ ಅಡಿ. ಎರಡಡಿ ಪೈಪಿನ ಬಾಯಿ ಮೂರು ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಹದಿನಾರರಲ್ಲಿ ಒಂದು ಪಾಲು.

ಗಂಟೆಗೆ 50 ಮಿ.ಮೀ. ಮಳೆ ನಮ್ಮಲ್ಲಿ ಅಪರೂಪವಲ್ಲ. ನೂರು ಎಕರೆಯ ಮೇಲೆ ಅಂಥ ಒಂದು ಗಂಟೆಯ ಮಳೆ ಎರಡು ಕೋಟಿ ಲೀಟರ್. ಅದು ರಾಗಿಹೊಲವಾಗಿದ್ದಾಗ ನೂರಕ್ಕೆ 20ರಿಂದ 30 ಭಾಗ ಹರಿದು ಬರುತ್ತಿತ್ತು. ಚಾವಣಿ, ಕಾಂಕ್ರೀಟು ಆದ ಮೇಲೆ 80 ಭಾಗ ಹರಿಯುತ್ತದೆ. ಅಂದರೆ ಬರುವ ನೀರು ಮೂರು ಪಟ್ಟು, ಹೋಗುವ ಬಾಯಿ ಹದಿನಾರನೇ ಒಂದು. ಆ ನೀರಿಗೆ ಅಂಥ ಪೈಪು ಏಳೆಂಟು ಬೇಕು. ಹಳ್ಳದ ದಂಡೆಯಲ್ಲಿ ಇರುವುದು ಹೆಚ್ಚಾಗಿ ದಲಿತರ ಕಾಲೊನಿ, ಕೂಲಿಯವರ ಶೆಡ್ಡು. ಮೊದಲು ನೀರು ನುಗ್ಗುವುದು ಅಲ್ಲಿಗೆ. ಮೇಲಿನ ಸೈಟು ಮಾರಿದವರು ಅಷ್ಟು ಹೊತ್ತಿಗೆ ಇನ್ನೊಂದು ಊರಲ್ಲಿರುತ್ತಾರೆ.

ಕಾಲುವೆ ಉಳಿಸುವ ಕೆಲಸ ಕಾಗದದಿಂದ ಶುರು. ಸರ್ವೆ ಇಲಾಖೆಯಿಂದ ಗ್ರಾಮನಕ್ಷೆ ತರಿಸಿ. ಅದರಲ್ಲಿ ಹಳ್ಳ, ಕಾಲುವೆ, ಬಂಡಿದಾರಿ ಎಲ್ಲಕ್ಕೂ ಗುರುತು ಇದೆ. ದಿಶಾಂಕ್ ಆ್ಯಪ್ ತೆರೆದು ಕಾಲುವೆಯ ಜಾಡಿನಲ್ಲಿ ನಡೆಯಿರಿ, ನಿಂತಿರುವ ಜಾಗದ ಸರ್ವೆ ನಂಬರ್ ಫೋನಿನಲ್ಲಿ ಬರುತ್ತದೆ. ಆ ನಂಬರಿನ ಪಹಣಿಯಲ್ಲಿ ಖರಾಬು ಕಾಲಂ ನೋಡಿ. 'ಅ' ಖರಾಬು ಸಾಗುವಳಿಗೆ ಬಾರದ ನೆಲ. 'ಬ' ಖರಾಬು ಸಾರ್ವಜನಿಕರದ್ದು, ಹಳ್ಳ, ದಾರಿ, ಕಾಲುವೆ ಇದರಲ್ಲಿ ಬರುತ್ತವೆ. ಅದು ಖಾತೆದಾರರ ಜಮೀನಿನ ನಡುವೆ ಇದ್ದರೂ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸರ್ಕಾರದ್ದೇ. 33 ಅಡಿ ಅಗಲದ ಹಳ್ಳ 330 ಅಡಿ ಉದ್ದ ಹೋದರೆ ಹತ್ತು ಗುಂಟೆ. ಪಹಣಿಯಲ್ಲಿ ಹತ್ತು ಗುಂಟೆ 'ಬ' ಖರಾಬು ಇದ್ದು ನೆಲದ ಮೇಲೆ ನಾಲ್ಕಡಿ ಚರಂಡಿ ಕಂಡರೆ ಒತ್ತುವರಿ ಎಷ್ಟಾಗಿದೆ ಅಂತ ಅಲ್ಲೇ ತಿಳಿಯುತ್ತದೆ. ಫೋನಿನ ಗುರುತು ನಿಖರ ಗಡಿಯಲ್ಲ, ಕೆಲವು ಮೀಟರ್ ಆಚೀಚೆ ಇರುತ್ತದೆ. ಅದನ್ನು ಸಾಕ್ಷಿ ಅಂತ ಒಯ್ಯಬೇಡಿ. ಅದು ಎಲ್ಲಿ ಅಳೆಯಬೇಕು ಅಂತ ತೋರಿಸುತ್ತದೆ ಅಷ್ಟೆ. ಅಳತೆ ಸರ್ವೆಯರ್ ಮಾಡಬೇಕು, ಹದ್ದುಬಸ್ತು (ಗಡಿ ಗುರುತು) ಆಗಬೇಕು, ಕಲ್ಲು ನೆಡಬೇಕು. ಕಲ್ಲು ನೆಟ್ಟ ದಿನವೇ ಕಾಲುವೆಯ ಎರಡೂ ದಂಡೆಗೆ ಕಂದಕ ತೆಗೆಸಿ ಹೊಂಗೆ, ಬಿದಿರು ಹಾಕಿ. ಬರಿ ಕಲ್ಲು ಆರು ತಿಂಗಳಲ್ಲಿ ಮಾಯವಾಗುತ್ತದೆ. ಒತ್ತುವರಿ ಬಿಡಿಸುವುದು ತಹಶೀಲ್ದಾರರ ಕೆಲಸ, 104ನೇ ಕಲಮು ಅದಕ್ಕಿದೆ. ಬೇಸಾಯ ಕೊಯ್ಲು ಮುಗಿದ ಜನವರಿ-ಫೆಬ್ರುವರಿಯಲ್ಲಿ ಅಳೆಸಿ. ಆಗ ಹೊಲ ಖಾಲಿ, ಹಳ್ಳದ ಜಾಡು ಕಾಣುತ್ತದೆ, ಸರಪಳಿ ಎಳೆಯಲು ಬೆಳೆ ಅಡ್ಡ ಬರುವುದಿಲ್ಲ.

ಗೋಮಾಳದ ಕಥೆಯೂ ಹೀಗೆಯೇ, ಆದರೆ ಅದು ಕಾನೂನಿನ ಒಳಗೇ ಕರಗುತ್ತದೆ. ನಿಯಮದ ಪ್ರಕಾರ ನೂರು ದನಕ್ಕೆ 30 ಎಕರೆ ಗೋಮಾಳ. ಊರು ನಗರವಾದಂತೆ ದನ ಕಡಿಮೆಯಾಗುತ್ತವೆ. ಕಾಗದದಲ್ಲಿ ಗೋಮಾಳ "ಹೆಚ್ಚುವರಿ" ಆಗುತ್ತದೆ. ಹೆಚ್ಚುವರಿ ಆದದ್ದು ಕಸಕ್ಕೋ ಕಾರ್ಖಾನೆಗೋ ಮಂಜೂರಾಗುತ್ತದೆ. ಮೇವಿಲ್ಲದೆ ಇನ್ನಷ್ಟು ದನ ಮಾರಾಟವಾಗುತ್ತವೆ. ಜಾನುವಾರು ಗಣತಿಯ ಸಮಯದಲ್ಲಿ ಪ್ರತಿ ಕೊಟ್ಟಿಗೆಯೂ ಲೆಕ್ಕಕ್ಕೆ ಬರುವಂತೆ ನೋಡಿಕೊಳ್ಳುವುದು ಪಶುಪಾಲನೆಯಷ್ಟೇ ನೆಲ ಉಳಿಸುವ ಕೆಲಸ. ಗುಂಡುತೋಪು, ಗೋಕಟ್ಟೆ, ಸ್ಮಶಾನಗಳನ್ನೂ ಪಂಚಾಯಿತಿ ಆಸ್ತಿ ವಹಿಯಲ್ಲಿ ಸರ್ವೆ ನಂಬರ್, ವಿಸ್ತೀರ್ಣ ಸಮೇತ ಏರಿಸಿ. ಅನುಮೋದಿತ ಬಡಾವಣೆಯಲ್ಲಿ ಪಾರ್ಕು, ರಸ್ತೆಗಳನ್ನು ನೋಂದಾಯಿತ ಪತ್ರದ ಮೂಲಕ ಪಂಚಾಯಿತಿಗೆ ಬಿಟ್ಟುಕೊಡಬೇಕು. ಆ ಪತ್ರ ಕೈಗೆ ಬರುವ ಮುಂಚೆ ನಮೂನೆ 9 ಮತ್ತು 11 (ಸೈಟುಗಳ ಪಂಚಾಯಿತಿ ಖಾತೆ ದಾಖಲೆ) ಕೊಟ್ಟರೆ, ಐದು ವರ್ಷದಲ್ಲಿ ಪಾರ್ಕಿನ ಜಾಗಕ್ಕೂ ಸೈಟ್ ನಂಬರ್ ಬಂದಿರುತ್ತದೆ.

ಜಮೀನು ಹೋದಾಗ ಯಾರಿಗೆ ಏನು ಸಿಗುತ್ತದೆ

ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ವಾರಕ್ಕೆ (ಬೆಳೆಯ ಪಾಲಿಗೆ) ಮಾಡುತ್ತಿದ್ದವರು, ಕೂಲಿಗೆ ಬರುತ್ತಿದ್ದವರು, ಕುರಿ ಮೇಯಿಸುತ್ತಿದ್ದವರು ಆ ಲೆಕ್ಕದಲ್ಲಿ ಇಲ್ಲ. ಗೋಮಾಳದಲ್ಲಿ ತಲೆಮಾರಿನಿಂದ ಉಳುತ್ತಿದ್ದವರಿಗೆ ಬಗರ್‌ಹುಕುಂ ಸಕ್ರಮದ ಅರ್ಜಿ ಇದೆ, ಆದರೆ ಬೆಂಗಳೂರು ನಗರದ ಮಿತಿಯಿಂದ 18 ಕಿ.ಮೀ. ಒಳಗೆ ಸಕ್ರಮವಿಲ್ಲ. ನಗರದ ಗಡಿ ಆಚೆ ಹೋದಂತೆ ಆ ಗೆರೆಯೂ ಆಚೆ ಹೋಗುವ ಭಯ ಉಳುವವರಿಗೆ ಇದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ, 1978ರ ಕಾಯ್ದೆ ಅದು. ಆದರೂ ಕರಾರು, ಜಿಪಿಎ (ಅಧಿಕಾರ ಪತ್ರ) ಅಂತ ಸಹಿ ಹಾಕಿಸಿಕೊಂಡು ಬಡಾವಣೆ ಮಾಡುತ್ತಾರೆ. ಅಲ್ಲಿ ಸೈಟು ಕೊಂಡವರೂ ಕೊನೆಗೆ ಕೋರ್ಟು ಅಲೆಯುತ್ತಾರೆ. ಸೈಟು ಕೊಳ್ಳುವವರು ಪಹಣಿಯ ಜೊತೆ ಮೂಲ ಮಂಜೂರಾತಿ ಕೇಳಲೇಬೇಕು. ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ "ಇಲ್ಲೊಂದು ಸಹಿ ಹಾಕಮ್ಮ" ಅಂತ ಕರೆಸುವುದು ಇಂಥ ಮಾರಾಟದ ಹಿಂದಿನ ದಿನವೇ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಓದಿಸಿಕೊಂಡು ಸಹಿ ಹಾಕಿ ಅಂತ ಸ್ತ್ರೀಶಕ್ತಿ ಸಂಘಗಳಲ್ಲಿ ಹೇಳಬೇಕು.

ಇನ್ನು ಸ್ವಾಧೀನಕ್ಕೆ ಅಧಿಸೂಚನೆಯಾಗಿ ಮುಂದಕ್ಕೂ ಹೋಗದ ಹಿಂದಕ್ಕೂ ಬಾರದ ಜಮೀನು. ಸುಮಾರು 73 ಕಿ.ಮೀ.ನ ಪೆರಿಫೆರಲ್ ರಿಂಗ್ ರಸ್ತೆಗೆ ಗುರುತಾದ ಜಮೀನಿನ ರೈತರು ಸುಮಾರು ಎರಡು ದಶಕ ಮಾರಲಾಗದೆ, ಹೊಸ ತೋಟ ಹಾಕಲು ಧೈರ್ಯವಿಲ್ಲದೆ ಕಳೆದರು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಪ್ರಾಥಮಿಕ ಅಧಿಸೂಚನೆ ಬಂದ ಕೂಡಲೇ ಪ್ರತಿಯೊಬ್ಬ ಖಾತೆದಾರರೂ ಪ್ರತ್ಯೇಕವಾಗಿ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಬೆಳೆ, ಮರ, ಬಾವಿ, ಕೊಟ್ಟಿಗೆಗಳ ಚಿತ್ರವನ್ನು ದಿನಾಂಕ ಸಮೇತ ಇಡಬೇಕು. ಒಟ್ಟಾಗಿ ಕೊಡುವ ಮನವಿ ಸಭೆಗೆ ಸರಿ, ಕಡತದಲ್ಲಿ ಬಿಡಿ ಬಿಡಿ ಆಕ್ಷೇಪಣೆಗೇ ಬೆಲೆ.

ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳು. ಮೊದಲನೆಯದು, ಮಳೆನೀರನ್ನು ಬೋರಿಗೆ ಇಳಿಸಬಹುದೇ ಅಂತ. ನೇರವಾಗಿ ಬೇಡ. ಅಂಗಳದ, ರಸ್ತೆಯ ನೀರನ್ನಂತೂ ಬೇಡವೇ ಬೇಡ. ಸಾವಿರ ಚದರ ಅಡಿ ಚಾವಣಿಯಿಂದ ವರ್ಷಕ್ಕೆ 75,000 ಲೀಟರ್ ಸಿಗುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಸಂಪಿಗೆ ತುಂಬಿ, ಹೆಚ್ಚಾದದ್ದನ್ನು ಇಂಗುಬಾವಿಗೆ ಬಿಡಿ. ಮೂರಡಿ ಅಗಲ, ಇಪ್ಪತ್ತರಿಂದ ಮೂವತ್ತು ಅಡಿ ಆಳ, ತೂತಿರುವ ರಿಂಗು, ರಿಂಗಿನ ಹೊರಗೆ ಜಲ್ಲಿ, ತಳಕ್ಕೆ ಸಿಮೆಂಟ್ ಹಾಕಬಾರದು. ಬಾವಿ ತೋಡುವ ಮಣ್ಣು ವಡ್ಡರ ಕುಟುಂಬಗಳು ಈ ಕೆಲಸದಲ್ಲಿ ಪಳಗಿದವು, ಅವರಿಂದಲೇ ಮಾಡಿಸಿ. ಒಂದು ಷರತ್ತು: ಪಕ್ಕದಲ್ಲಿ ತಳವಿಲ್ಲದ ಶೌಚದ ಗುಂಡಿ ಇದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಇಂಗುಬಾವಿ. ಇಲ್ಲದಿದ್ದರೆ ಇಂಗಿದ ನೀರು ಗುಂಡಿಯ ಕೊಳೆಯನ್ನೂ ತಳ್ಳಿಕೊಂಡು ಇಳಿಯುತ್ತದೆ.

ಎರಡನೆಯದು, ನಮ್ಮ ಪಂಚಾಯಿತಿ ನಗರಾಡಳಿತಕ್ಕೆ ಸೇರುವುದು ಒಳ್ಳೆಯದೇ ಅಂತ. ಸೇರಿದರೆ ರಸ್ತೆ, ದೀಪ, ಒಳಚರಂಡಿಯ ಸಾಧ್ಯತೆ ಹೆಚ್ಚುತ್ತದೆ, ತೆರಿಗೆಯೂ ಹೆಚ್ಚುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ ನಿಲ್ಲುತ್ತದೆ, ಗ್ರಾಮಸಭೆ ಇರುವುದಿಲ್ಲ. ಹೂಳೆತ್ತುವುದು, ಬದು, ಬಚ್ಚಲುಗುಂಡಿ, ಕಾಲುವೆ ದುರಸ್ತಿಗೆ ಇದ್ದ ಕೂಲಿಹಣ ಆ ದಿನದಿಂದ ಇಲ್ಲ. ಆದ್ದರಿಂದ ಅಧಿಸೂಚನೆಯ ಸುಳಿವು ಸಿಕ್ಕ ಕೂಡಲೇ ಮಾಡಬೇಕಾದ್ದು ಮೂರು: ಕಾಲುವೆ, ಕೆರೆಯ ಕೆಲಸಗಳನ್ನು ಆ ವರ್ಷದ ಕ್ರಿಯಾ ಯೋಜನೆಯಲ್ಲೇ ಸೇರಿಸಿ ಮುಗಿಸುವುದು, ಎಲ್ಲ ಸಾರ್ವಜನಿಕ ಆಸ್ತಿಯ ವಹಿಯನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸುವುದು, ನಡಾವಳಿಯ ದೃಢೀಕೃತ ಪ್ರತಿಯನ್ನು ತಹಶೀಲ್ದಾರರಿಗೂ ಸರ್ವೆ ಕಚೇರಿಗೂ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಆ ಸಭೆಗೆ ಮತದಾರರಲ್ಲದ ಬಾಡಿಗೆದಾರರನ್ನೂ ಕರೆಯಿರಿ. ಕೈ ಎತ್ತುವ ಹಕ್ಕು ಅವರಿಗೆ ಇಲ್ಲದಿರಬಹುದು, ಯಾವ ಬೀದಿಯ ಬೋರಿನ ನೀರು ವಾಸನೆ ಬರುತ್ತಿದೆ ಅನ್ನುವುದು ಅವರಿಗೇ ಮೊದಲು ಗೊತ್ತಾಗುತ್ತದೆ.